ಕಷ್ಟಕ್ಕೆ ಎಷ್ಟು ಪದ? ಇಂಗ್ಲಿಷ್ ಪಟ್ಟಿ, ರೊಮೇನಿಯನ್ ಅರ್ಥ, ನಡುವೆ ನಮ್ಮ ಕನ್ನಡ

ಪ್ರಶ್ನೆ: ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ತಂಡದ ಅರ್ಧ ಜನ ರೊಮೇನಿಯಾದ ಕ್ಲುಜ್ ಊರಿನವರು. ಮುಂದಿನ ವರ್ಷ ನಾನೂ ಅಲ್ಲಿಗೆ ಹೋಗಬೇಕು, ಎರಡು ವರ್ಷದ ಮಟ್ಟಿಗೆ. ಅದಕ್ಕೇ ರೊಮೇನಿಯನ್ ಕಲಿಯಲು ಶುರು ಮಾಡಿದ್ದೇನೆ. ‘ಕಷ್ಟ’ ಅನ್ನುವ ಅರ್ಥದ ಇಂಗ್ಲಿಷ್ ಪದಗಳು ಮತ್ತು ಅವುಗಳ ರೊಮೇನಿಯನ್ ಅರ್ಥ ಇರುವ ಒಂದು ಪಟ್ಟಿ ಸಿಕ್ಕಿತು. ನೋಡಿದರೆ ತಲೆ ಕೆಡುತ್ತದೆ. ಹಾರ್ಡ್, ಡಿಫಿಕಲ್ಟ್, ಟಫ್, ಹೆವಿ, ಎಲ್ಲದಕ್ಕೂ ‘ಗ್ರೆಉ’ ಅಂತ ಬರೆದಿದ್ದಾರೆ. ಇನ್ನೊಂದು ಕಡೆ ಹಾರ್ಡ್ ಒಂದಕ್ಕೇ ಮೂರು ಪದ ಇವೆ. ಹೋದ ವಾರ ಕ್ಲುಜ್‌ನ ಸಹೋದ್ಯೋಗಿಯೊಬ್ಬರು ಇಂಗ್ಲಿಷ್‌ನಲ್ಲಿ ಮೇಲ್ ಕಳಿಸಿದರು. ‘ಈ ಮಾಡ್ಯೂಲ್ ಪ್ರೊವೊಕೇಟಿವ್ ಆಗಿದೆ, ಕ್ಲೈಂಟ್ ಪ್ರಿಟೆನ್ಷಿಯಸ್, ಇವೆಂಚುವಲಿ ತೊಂದರೆ ಬರುತ್ತದೆ’ ಅಂತ ಅದರಲ್ಲಿತ್ತು. ಓದಿ ನಮ್ಮ ಮ್ಯಾನೇಜರ್ ಬೇಜಾರು ಮಾಡಿಕೊಂಡರು. ಈ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಸಾಕಾ? ಬೇರೆ ದಾರಿ ಇದೆಯಾ?

ಉತ್ತರ: ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಆ ಮೇಲ್ ವಿಷಯ ಬಗೆಹರಿಸೋಣ. ಅಲ್ಲಿ ಯಾರೂ ಯಾರನ್ನೂ ಬೈದಿಲ್ಲ.

ರೊಮೇನಿಯನ್‌ನಲ್ಲಿ ‘ಪ್ರೊವೊಕಾರೆ’ ಅಂದರೆ ಚಾಲೆಂಜ್, ಸವಾಲು. ಅದರಿಂದಲೇ ಬಂದ ‘ಪ್ರೊವೊಕಾತೋರ್’ ಅನ್ನು ಈಗಿನವರು ‘ಸವಾಲಿನ’ ಎಂಬ ಅರ್ಥದಲ್ಲೂ ಬಳಸುತ್ತಾರೆ. ಬರೆದವರ ಮನಸ್ಸಿನಲ್ಲಿ ಇದ್ದದ್ದು ‘ಚಾಲೆಂಜಿಂಗ್ ಮಾಡ್ಯೂಲ್’. ಬೆರಳ ತುದಿಗೆ ಬಂದದ್ದು ಇಂಗ್ಲಿಷ್‌ನ ಪ್ರೊವೊಕೇಟಿವ್, ಅಂದರೆ ಕೆರಳಿಸುವಂಥದ್ದು. ‘ಪ್ರೆತೆನ್ತ್ಸಿಯೋಸ್’ ಅಂದರೆ ಸುಲಭಕ್ಕೆ ಒಪ್ಪದವರು, ಎಲ್ಲವೂ ಸರಿಯಾಗಿಯೇ ಇರಬೇಕು ಅನ್ನುವವರು. ಇಂಗ್ಲಿಷ್‌ನಲ್ಲಿ ಅದಕ್ಕೆ ಡಿಮ್ಯಾಂಡಿಂಗ್ ಅನ್ನಬೇಕು. ಪ್ರಿಟೆನ್ಷಿಯಸ್ ಅಂದುಬಿಟ್ಟರೆ ‘ದೊಡ್ಡಸ್ತಿಕೆ ತೋರಿಸುವವರು’ ಅಂತಾಗುತ್ತದೆ. ಮೂರನೆಯದೇ ನಿಜವಾಗಿ ಅಪಾಯದ್ದು. ರೊಮೇನಿಯನ್ ‘ಎವೆನ್ತುಆಲ್’ ಅಂದರೆ ‘ಬಂದರೂ ಬರಬಹುದು, ಒಂದು ವೇಳೆ’. ಇಂಗ್ಲಿಷ್‌ನ ಇವೆಂಚುವಲಿ ಅಂದರೆ ‘ಕೊನೆಗೆ ಬಂದೇ ಬರುತ್ತದೆ’. ನಿಮ್ಮ ಸಹೋದ್ಯೋಗಿ ಹೇಳಿದ್ದು ‘ತೊಂದರೆ ಆದರೂ ಆಗಬಹುದು’ ಅಂತ. ನಿಮ್ಮ ಮ್ಯಾನೇಜರ್ ಓದಿಕೊಂಡದ್ದು ‘ತೊಂದರೆ ಗ್ಯಾರಂಟಿ’ ಅಂತ. ಈ ಮೂರು ಪದಗಳನ್ನು ತಂಡದಲ್ಲಿ ಎಲ್ಲರಿಗೂ ಒಮ್ಮೆ ಬಿಡಿಸಿ ಹೇಳಿ. ಮುಂದೆ ಬರುವ ಎಷ್ಟೋ ಮನಸ್ತಾಪ ಅಲ್ಲಿಗೇ ನಿಲ್ಲುತ್ತದೆ.

ಈಗ ಪಟ್ಟಿಗೆ ಬರೋಣ.

ನಾನು ನಾಲ್ಕು ವರ್ಷ ಕ್ಲುಜ್‌ನಲ್ಲಿದ್ದೆ. ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ, ಅವರಿಂದ ರೊಮೇನಿಯನ್ ಕಲಿಯುತ್ತಿದ್ದೆ. ಮೊದಲ ವರ್ಷ ನಾನೂ ನಿಮ್ಮ ಹಾಗೆಯೇ ಇಂಗ್ಲಿಷ್ ಹಿಡಿದುಕೊಂಡು ರೊಮೇನಿಯನ್ ಕಡೆಗೆ ಹೊರಟಿದ್ದೆ. ಅದು ಸುತ್ತು ದಾರಿ. ಕಷ್ಟ ಹೇಳಿಕೊಳ್ಳುವ ವಿಷಯದಲ್ಲಿ ರೊಮೇನಿಯನ್ನರು ಇಂಗ್ಲಿಷರಿಗಿಂತ ನಮಗೆ ಹತ್ತಿರ. ನೀವು ಕನ್ನಡದಿಂದ ನೇರವಾಗಿ ಹೋಗಿ. ಯಾಕೆ ಅಂತ ಹೇಳುತ್ತೇನೆ.

‘ಗ್ರೆಉ’ ಇಂದ ಶುರು ಮಾಡೋಣ. ಒಂದೇ ಉಸಿರಿನಲ್ಲಿ ಹೇಳಿ, ಕೊನೆಯ ‘ಉ’ ಅನ್ನು ಸುಮ್ನೆ ತೇಲಿಸಿ. ಇದರ ಮೂಲ ಅರ್ಥ ‘ಭಾರ’. ಭಾರವಾದ ಚೀಲವೂ ಗ್ರೆಉ, ಕಷ್ಟದ ಪರೀಕ್ಷೆಯೂ ಗ್ರೆಉ. ಪಟ್ಟಿಯಲ್ಲಿ ಹೆವಿಗೂ ಹಾರ್ಡ್‌ಗೂ ಒಂದೇ ಪದ ಕಂಡು ನೀವು ಗಾಬರಿಯಾದಿರಿ. ಅವರ ಕಣ್ಣಿಗೆ ಅವೆರಡೂ ಬೇರೆ ಬೇರೆಯಲ್ಲ. ಕಷ್ಟ ಅಂದರೆ ಹೆಗಲ ಮೇಲೆ ಹೊತ್ತ ಭಾರ. ನಾವು ‘ಸಂಸಾರದ ಭಾರ’ ಅನ್ನುತ್ತೇವೆ, ‘ಸಾಲದ ಹೊರೆ’ ಅನ್ನುತ್ತೇವೆ, ‘ಮನಸ್ಸು ಭಾರ ಆಯ್ತು’ ಅನ್ನುತ್ತೇವೆ. ಅವರೂ ‘ಕು ಇನಿಮ ಗ್ರ್ಯಾ’ ಅನ್ನುತ್ತಾರೆ, ಅಂದರೆ ‘ಭಾರವಾದ ಮನಸ್ಸಿನಿಂದ’.

ಇನ್ನೊಂದು ನಂಟೂ ಇದೆ. ಗ್ರೆಉ ಬಂದದ್ದು ಲ್ಯಾಟಿನ್‌ನ ‘ಗ್ರಾವಿಸ್’ ಪದದಿಂದ. ಆ ಗ್ರಾವಿಸ್‌ಗೂ ಸಂಸ್ಕೃತದ ‘ಗುರು’ ಪದಕ್ಕೂ ಒಂದೇ ಬೇರು. ಶಾಲೆಯಲ್ಲಿ ಛಂದಸ್ಸು ಓದುವಾಗ ಲಘು, ಗುರು ಹಾಕುತ್ತಿದ್ದೆವು ಅಲ್ವಾ? ಹಗುರ ಅಕ್ಷರಕ್ಕೆ ಲಘು, ಭಾರದ ಅಕ್ಷರಕ್ಕೆ ಗುರು. ಆ ‘ಲಘು’ವಿನ ನೆಂಟ ಲ್ಯಾಟಿನ್‌ನ ‘ಲೆವಿಸ್’. ಗ್ರಾವಿಸ್ ಪದ ಜನರ ಬಾಯಲ್ಲಿ ತನ್ನ ಜೋಡಿಯಾದ ಲೆವಿಸ್‌ನ ಹಾಗೆಯೇ ‘ಗ್ರೆವಿಸ್’ ಆಯಿತು, ಅದೇ ಮುಂದೆ ಗ್ರೆಉ ಆಯಿತು. ಗುರು-ಲಘು ಅಲ್ಲೂ ಒಂದರ ಪಕ್ಕ ಒಂದು ಕೂತು ಪ್ರಾಸ ಕಟ್ಟಿಕೊಂಡಿವೆ. ಇದನ್ನು ಮೊದಲ ಸಲ ತಿಳಿದಾಗ ನನಗೆ ಎಷ್ಟು ಖುಷಿಯಾಯಿತು ಅಂದರೆ, ಅವತ್ತು ತರಗತಿಯಲ್ಲಿ ಪಾಠ ಬಿಟ್ಟು ಕಪ್ಪುಹಲಗೆಯ ಮೇಲೆ ಲಘು-ಗುರು ಗುರುತು ಹಾಕಿ ತೋರಿಸಿದ್ದೆ. ಗ್ರೆಉಗೆ ವಿರುದ್ಧ ಪದ ‘ಉಶೋರ್’. ಅದಕ್ಕೂ ಎರಡು ಅರ್ಥ ಇದೆ, ಹಗುರ ಮತ್ತು ಸುಲಭ.

ಒಂದು ಎಚ್ಚರಿಕೆ. ಈ ಪದ ಪಕ್ಕದ ಪದ ನೋಡಿ ರೂಪ ಬದಲಿಸುತ್ತದೆ. ಪರೀಕ್ಷೆಯಾದರೆ ‘ಎಗ್ಸಾಮೆನ್ ಗ್ರೆಉ’. ಪ್ರಶ್ನೆಯಾದರೆ ‘ಅಂತ್ರೆಬಾರೆ ಗ್ರ್ಯಾ’, ಯಾಕೆಂದರೆ ಅಲ್ಲಿ ಪ್ರಶ್ನೆ ಸ್ತ್ರೀಲಿಂಗ. ಕಷ್ಟದ ದಿನಗಳಾದರೆ ‘ಜಿಲೆ ಗ್ರೆಲೆ’. ನಮ್ಮಲ್ಲಿ ‘ಕಷ್ಟದ’ ಅಂದರೆ ಮುಗಿಯಿತು, ಅಲ್ಲಿ ನಾಲ್ಕು ರೂಪ ಕಲಿಯಬೇಕು. ಬಿಡಿ ಪದ ಕಲಿಯಬೇಡಿ, ಪರೀಕ್ಷೆ, ಪ್ರಶ್ನೆ, ದಿನಗಳು ಅಂತ ಜೋಡಿಯಾಗಿಯೇ ಕಲಿಯಿರಿ. ‘ಗ್ರೆಉತಾತೆ’ ಅಂದರೆ ತೂಕ. ಅದರ ಬಹುವಚನ ‘ಗ್ರೆಉತತ್ಸ್’ ಅಂದರೆ ಜಿಮ್‌ನಲ್ಲಿ ಎತ್ತುವ ತೂಕಗಳೂ ಹೌದು, ಬದುಕಿನ ಕಷ್ಟಗಳೂ ಹೌದು. ನಿಮ್ಮ ಪಟ್ಟಿಯಲ್ಲಿ ಹಾರ್ಡ್‌ಶಿಪ್ ಎದುರಿಗೆ ಇದೇ ಪದ ಇರಬೇಕು.

ಈಗ ನಾನು ಹೇಳಬೇಕು ಅಂದುಕೊಂಡ ಮುಖ್ಯ ಮಾತು.

ಕ್ಲುಜ್‌ನಲ್ಲಿ ಸೋಮೆಶ್ ನದಿಯ ಆಚೆ ದಡದಲ್ಲಿ ಚೆತತ್ಸುಯಾ ಅಂತ ಒಂದು ಗುಡ್ಡ ಇದೆ. ನಾನು ಇದ್ದ ಮನೆ ಆ ಕಡೆಯ ಏರಿನಲ್ಲಿ. ಮಿಹಾಯ್ ವಿತ್ಯಾಜುಲ್ ಚೌಕದ ಮಾರ್ಕೆಟ್‌ನಲ್ಲಿ ಆಲೂಗಡ್ಡೆ, ಎಲೆಕೋಸು ತಗೊಂಡು ಎರಡೂ ಕೈಯಲ್ಲಿ ಚೀಲ ಹಿಡಿದು ಹತ್ತುತ್ತಿದ್ದೆ. ಚಳಿಗಾಲ. ದಾರಿ ಮೇಲೆ ಹಿಮ ಗಟ್ಟಿಯಾಗಿ ಕಾಲು ಜಾರುತ್ತಿತ್ತು. ಗೇಟಿನ ಹತ್ತಿರ ಪೊರಕೆ ಹಿಡಿದು ನಿಂತಿದ್ದ ಅಜ್ಜಿಯೊಬ್ಬರು ನನ್ನನ್ನು ನೋಡಿ ‘ಗ್ರೆಉ, ಗ್ರೆಉ?’ ಅಂತ ಕೇಳಿದರು. ನಾನು ಇಂಗ್ಲಿಷ್‌ನ ಲೆಕ್ಕದಲ್ಲಿ ‘ನಾನು’ ಅಂತ ಶುರು ಮಾಡಿ ‘ಸುಂತ್ ಗ್ರೆಉ’ ಅಂದೆ. ಅದರ ಅರ್ಥ ‘ನಾನು ಭಾರ ಇದ್ದೇನೆ’ ಅಂತ. ಅಜ್ಜಿ ಪೊರಕೆ ಗೋಡೆಗೆ ಒರಗಿಸಿ, ನನ್ನ ಒಂದು ಚೀಲ ಕೆಳಗಿಡಿಸಿ, ನಿಧಾನವಾಗಿ ಹೇಳಿಕೊಟ್ಟರು. ‘ಮ್ಯೆ ಗ್ರೆಉ.’ ಇನ್ನೊಮ್ಮೆ ಹೇಳಿಸಿದರು. ‘ಮ್ಯೆ ಗ್ರೆಉ.’

ಆ ‘ಮ್ಯೆ’ಯನ್ನು ಬಿಡಿಸಿದರೆ ಸಿಗುವುದು ‘ನನಗೆ ಇದೆ’. ಮ್ಯೆ ಗ್ರೆಉ ಅಂದರೆ ಅಕ್ಷರಕ್ಕೆ ಅಕ್ಷರ ‘ನನಗೆ ಕಷ್ಟ’. ನಮ್ಮದೇ ವಾಕ್ಯ. ನಾವು ‘ನಾನು ಕಷ್ಟ’ ಅನ್ನುವುದಿಲ್ಲ, ಕಷ್ಟ ನಮಗೆ ಆಗುತ್ತದೆ. ಅವರಿಗೂ ಹಾಗೇ. ಇದು ಕಷ್ಟಕ್ಕೆ ಮಾತ್ರ ಅಲ್ಲ. ‘ಮ್ಯೆ ಫ್ವಾಮೆ’, ನನಗೆ ಹಸಿವು. ‘ಮ್ಯೆ ಸೆತೆ’, ನನಗೆ ಬಾಯಾರಿಕೆ. ‘ಮ್ಯೆ ಫ್ರಿಗ್’, ನನಗೆ ಚಳಿ. ‘ಮ್ಯೆ ಫ್ರಿಕ’, ನನಗೆ ಭಯ. ‘ಮ್ಯೆ ಸೋಮ್ನ್’, ನನಗೆ ನಿದ್ದೆ. ‘ಮ್ಯೆ ರುಶಿನೆ’, ನನಗೆ ನಾಚಿಕೆ. ಇಂಗ್ಲಿಷ್‌ನವರು ಇವನ್ನೆಲ್ಲ ‘ನಾನು’ ಅಂತ ಶುರು ಮಾಡಿ ಹೇಳುತ್ತಾರೆ. ಆ ಹಾದಿಯಲ್ಲಿ ಹೋದ ನನಗೆ ಒಂದು ವರ್ಷ ಇದು ಕೂಡಿಬರಲಿಲ್ಲ. ಅಜ್ಜಿ ಹೇಳಿಕೊಟ್ಟ ಸಂಜೆ ಮನೆಗೆ ಬಂದು ಈ ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಂಡೆ. ಆಮೇಲೆ ಒಮ್ಮೆಯೂ ತಪ್ಪಿಲ್ಲ.

ಇದರ ಜೊತೆ ಇನ್ನೊಂದು ಅಚ್ಚು ಕಲಿತುಬಿಡಿ, ತುಂಬಾ ಕೆಲಸಕ್ಕೆ ಬರುತ್ತದೆ. ‘ಗ್ರೆಉ ದೆ’ ಅಂದು ಮುಂದೆ ಕ್ರಿಯಾಪದ ಹಾಕುವುದು. ‘ಗ್ರೆಉ ದೆ ಸ್ಪುಸ್’, ಹೇಳೋದು ಕಷ್ಟ. ‘ಗ್ರೆಉ ದೆ ಕ್ರೆಜುತ್’, ನಂಬೋದು ಕಷ್ಟ. ‘ಗ್ರೆಉ ದೆ ಗಸಿತ್’, ಸಿಗೋದು ಕಷ್ಟ. ಮೀಟಿಂಗ್‌ನಲ್ಲಿ ‘ಯಾವಾಗ ಮುಗಿಯುತ್ತೆ?’ ಅಂತ ಕೇಳಿದಾಗ ಅಲ್ಲಿನವರು ನಿಟ್ಟುಸಿರು ಬಿಟ್ಟು ಹೇಳುವುದು ಗ್ರೆಉ ದೆ ಸ್ಪುಸ್ ಅಂತಲೇ.

ಇನ್ನು ಹಾರ್ಡ್‌ಗೆ ಮೂರು ಪದ ಯಾಕೆ? ಇಂಗ್ಲಿಷ್‌ನವರು ಹಾರ್ಡ್ ಒಂದರಲ್ಲೇ ಎಲ್ಲ ತುಂಬಿಟ್ಟಿದ್ದಾರೆ. ಕಲ್ಲೂ ಹಾರ್ಡ್, ಲೆಕ್ಕವೂ ಹಾರ್ಡ್, ಮನಸ್ಸೂ ಹಾರ್ಡ್, ನೀರೂ ಹಾರ್ಡ್. ರೊಮೇನಿಯನ್ ಇವನ್ನು ಬೇರೆ ಬೇರೆ ಡಬ್ಬಿಗೆ ಹಾಕುತ್ತದೆ. ಲೆಕ್ಕ ಗ್ರೆಉ. ಗಡಸು ನೀರು ‘ದುರ್’, ಫ್ರೆಂಚ್‌ನಿಂದ ಬಂದ ಪದ. ಕಠೋರ ಮನುಷ್ಯನೂ ದುರ್. ಕಲ್ಲು ‘ತಾರೆ’.

ಈ ತಾರೆ ನೋಡಿ. ಪಟ್ಟಿಯಲ್ಲಿ ಇದಕ್ಕೆ ಹಾರ್ಡ್, ಸ್ಟ್ರಾಂಗ್, ಲೌಡ್ ಅಂತ ಮೂರು ಅರ್ಥ ಕೊಟ್ಟಿರುತ್ತಾರೆ. ಇಂಗ್ಲಿಷ್‌ನಲ್ಲಿ ಓದಿದವರಿಗೆ ಇವು ಮೂರಕ್ಕೂ ಏನು ಸಂಬಂಧ ಅಂತ ಹೊಳೆಯುವುದಿಲ್ಲ. ಕನ್ನಡದಲ್ಲಿ ಯೋಚಿಸಿ. ಗಟ್ಟಿ ಕಲ್ಲು. ಗಟ್ಟಿ ಮನಸ್ಸು. ಗಟ್ಟಿಯಾಗಿ ಮಾತಾಡು. ಮೂರೂ ‘ಗಟ್ಟಿ’! ತಾರೆ ಅಂದರೆ ನಮ್ಮ ಗಟ್ಟಿ, ಹೆಚ್ಚು ಕಡಿಮೆ ಅದೇ ಅಳತೆಗೆ ಹೊಲಿದ ಪದ. ಫೋನ್‌ನಲ್ಲಿ ದನಿ ಕೇಳದಿದ್ದರೆ ‘ಮಾಯ್ ತಾರೆ’ ಅನ್ನಿ, ಇನ್ನೂ ಗಟ್ಟಿಯಾಗಿ ಅಂತ. ದುಃಖದಲ್ಲಿರುವ ಗೆಳೆಯರಿಗೆ ‘ಫೀ ತಾರೆ’, ಗಟ್ಟಿಯಾಗಿರು. ಕಾಫಿ ಸ್ಟ್ರಾಂಗ್ ಬೇಕಾದರೆ ‘ಕಫ್ಯಾ ತಾರೆ’. ಬೇಯದೆ ಉಳಿದ ಮಾಂಸ ಇಂಗ್ಲಿಷ್‌ನಲ್ಲಿ ಟಫ್, ಅಲ್ಲಿ ತಾರೆ, ನಮ್ಮಲ್ಲಿ ಗಟ್ಟಿ. ಕೆಲವು ಕಡೆ ಜೋಡಿ ಒಡೆಯುತ್ತದೆ. ಹುಡುಗರು ಏನಾದರೂ ಮೆಚ್ಚಿದಾಗ ‘ಚೆ ತಾರೆ!’ ಅನ್ನುತ್ತಾರೆ. ಅಲ್ಲಿ ನಾವು ಗಟ್ಟಿ ಅನ್ನುವುದಿಲ್ಲ, ‘ಸೂಪರ್’ ಅನ್ನುತ್ತೇವೆ.

ಇಂಗ್ಲಿಷ್ ಕಡೆಗೂ ಸ್ವಲ್ಪ ನೋಡೋಣ. ಆ ಪಟ್ಟಿಯ ಎಡಗಡೆ ಸಾಲೂ ನಿಮಗೆ ದಿನಾ ಬೇಕಾದದ್ದೇ.

ಹಾರ್ಡ್, ಡಿಫಿಕಲ್ಟ್, ಟಫ್ ಮೂರನ್ನೂ ಕೆಲಸದ ಮುಂದೆ ಇಟ್ಟರೆ ಅರ್ಥ ಬಹುತೇಕ ಒಂದೇ. ಮನುಷ್ಯರ ಮುಂದೆ ಇಟ್ಟರೆ ಮೂರೂ ಬೇರೆ. ಡಿಫಿಕಲ್ಟ್ ವ್ಯಕ್ತಿ ಅಂದರೆ ಏಗೋದು ಕಷ್ಟ, ಮಾತು ಮಾತಿಗೆ ತಕರಾರು ತೆಗೆಯುವವರು. ಹಾರ್ಡ್ ವ್ಯಕ್ತಿ ಅಂದರೆ ಕಲ್ಲು ಮನಸ್ಸಿನವರು. ಟಫ್ ವ್ಯಕ್ತಿ ಅಂದರೆ ಗಟ್ಟಿಗರು, ಏಟು ತಿಂದರೂ ನಿಲ್ಲುವವರು. ಮೂರನೆಯದು ಹೊಗಳಿಕೆ, ಮೊದಲನೆಯದು ದೂರು. ‘ಐ ಆ್ಯಮ್ ಡಿಫಿಕಲ್ಟ್ ಟು ಕಮ್ ಟುಡೇ’ ಅಂತ ನಮ್ಮವರು ಬರೆಯುವುದನ್ನು ನೋಡಿದ್ದೇನೆ. ‘ನನಗೆ ಇವತ್ತು ಬರೋದು ಕಷ್ಟ’ ಅಂತ ಹೇಳಲು ಹೋಗಿ ‘ನಾನು ತಕರಾರಿನ ಮನುಷ್ಯ’ ಅಂದಂತಾಗುತ್ತದೆ. ರೊಮೇನಿಯನ್ನರು ಇಂಗ್ಲಿಷ್ ಕಲಿಯುವಾಗ ಎಡವುವುದೂ ಈ ತಿರುವಿನಲ್ಲೇ. ಅವರಿಗೂ ‘ಮ್ಯೆ’ ಬಿಟ್ಟು ಕಷ್ಟ ಹೇಳಿ ರೂಢಿಯಿಲ್ಲ. ಇಂಗ್ಲಿಷ್‌ನಲ್ಲಿ ‘ಐ ಫೈಂಡ್ ಇಟ್ ಹಾರ್ಡ್’ ಅನ್ನಿ, ಅಥವಾ ‘ಇಟ್ ಈಸ್ ಡಿಫಿಕಲ್ಟ್ ಫಾರ್ ಮಿ’ ಅನ್ನಿ. ಇನ್ನೊಂದು ವಿಷಯ. ‘ಹ್ಯಾವ್ ಡಿಫಿಕಲ್ಟಿ’ ಆದಮೇಲೆ ‘ಟು’ ಬರಕೂಡದು. ‘ಡಿಫಿಕಲ್ಟಿ ಅಂಡರ್‌ಸ್ಟ್ಯಾಂಡಿಂಗ್’ ಸರಿ, ‘ಡಿಫಿಕಲ್ಟಿ ಟು ಅಂಡರ್‌ಸ್ಟ್ಯಾಂಡ್’ ತಪ್ಪು.

ಹಾರ್ಡ್ಲಿಯ ಬಗ್ಗೆ ಬೇರೆ ಹೇಳಬೇಕು. ‘ವರ್ಕ್ಸ್ ಹಾರ್ಡ್’ ಅಂದರೆ ಮೈ ಮುರಿದು ದುಡಿಯುತ್ತಾರೆ. ‘ಹಾರ್ಡ್ಲಿ ವರ್ಕ್ಸ್’ ಅಂದರೆ ಕೆಲಸವನ್ನೇ ಮಾಡುವುದಿಲ್ಲ ಅನ್ನುವಷ್ಟು ಕಡಿಮೆ. ರೊಮೇನಿಯನ್‌ನಲ್ಲಿ ಮೊದಲನೆಯದು ‘ದಿನ್ ಗ್ರೆಉ’, ಎರಡನೆಯದು ‘ಅಬ್ಯಾ’. ಒಬ್ಬರ ಮೌಲ್ಯಮಾಪನ ಬರೆಯುವಾಗ ಇದನ್ನು ಅದಲು ಬದಲು ಮಾಡಿದರೆ ಪಾಪ, ಅವರ ಹೆಸರು ಕೆಟ್ಟುಹೋಗುತ್ತದೆ.

ಟ್ರಿಕಿಗೆ ರೊಮೇನಿಯನ್‌ನಲ್ಲಿ ಒಂದೇ ಪದ ಇಲ್ಲ. ಕಗ್ಗಂಟಾದ ವಿಷಯವಾದರೆ ‘ಕೊಂಪ್ಲಿಕಾತ್’, ನಾಜೂಕಿನ ಸಂದರ್ಭವಾದರೆ ‘ದೆಲಿಕಾತ್’. ಸಿಕ್ಕಿಸಲೆಂದೇ ಕೇಳುವ ಪ್ರಶ್ನೆಗೆ ‘ಕಪ್ಕಾನ’ ಅನ್ನುವ ಪದ ಸೇರಿಸುತ್ತಾರೆ, ಅದರರ್ಥ ಬೋನು. ಸ್ಟ್ರೆನ್ಯುಅಸ್, ಆರ್ಡ್ಯುಅಸ್, ಗ್ರೂಯೆಲಿಂಗ್ ಮೂರೂ ತುಂಬಾ ದಣಿಸುವ ಕಷ್ಟಕ್ಕೆ ಹೇಳುವ ಪದಗಳು, ಓದಿದಾಗ ಗೊತ್ತಾದರೆ ಸಾಕು. ನೀವಾಗಿ ಬಳಸುವ ಸಂದರ್ಭ ಕಡಿಮೆ. ಆದರೂ ಆರ್ಡ್ಯುಅಸ್ ಮೂಲ ನೆನಪಿಟ್ಟುಕೊಳ್ಳಿ. ಲ್ಯಾಟಿನ್‌ನಲ್ಲಿ ಅದು ‘ಕಡಿದಾದ’, ಅಂದರೆ ಏರು. ಏರುದಾರಿಯ ಚಿತ್ರ ಇಂಗ್ಲಿಷ್, ರೊಮೇನಿಯನ್ ಎರಡರಲ್ಲೂ ಇದೆ, ಮುಂದೆ ಬರುತ್ತದೆ.

ನೀವು ಕೇಳದಿದ್ದರೂ ಒಂದು ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಗ್ರೆಉ ಇರುವಾಗ ‘ದಿಫಿಚಿಲ್’ ಅನ್ನುವ ಇನ್ನೊಂದು ಪದ ಯಾಕೆ ಬೇಕಿತ್ತು? ಅದು ಓದಿದವರು ತಂದ ಪದ. ರೊಮೇನಿಯನ್‌ನ ಬುಡ ಲ್ಯಾಟಿನ್. ಮೇಲೆ ಸ್ಲಾವ್ ಭಾಷೆಗಳ ಪದರ ಬಂತು, ಶತಮಾನಗಳ ಕಾಲ ಆಟೊಮನ್ ತುರ್ಕರ ಹಿಡಿತದಲ್ಲಿದ್ದಾಗ ಟರ್ಕಿಶ್ ಪದ ಬಂದವು. 19ನೇ ಶತಮಾನದಲ್ಲಿ ಅಲ್ಲಿನ ಓದಿದವರು ಫ್ರೆಂಚ್ ಕಡೆ ತಿರುಗಿ ರಾಶಿ ರಾಶಿ ಪದ ತಂದರು. 1860ರ ಸುಮಾರಿಗೆ ಸಿರಿಲಿಕ್ ಲಿಪಿ ಬಿಟ್ಟು ಲ್ಯಾಟಿನ್ ಲಿಪಿಗೆ ಬಂದದ್ದೂ ಅದೇ ಗಾಳಿಯಲ್ಲಿ. ಇಂಗ್ಲಿಷ್ ಕಥೆಯೂ ಇಂಥದ್ದೇ. ಹಾರ್ಡ್, ಟಫ್ ಆ ನೆಲದ ಹಳೆಯ ಪದಗಳು. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಫ್ರೆಂಚ್‌ನಿಂದ ಟ್ರಬಲ್, ಚಾಲೆಂಜ್‌ನಂಥವು ಬಂದು ಸೇರಿದವು. ನಮ್ಮಲ್ಲಿ ತೊಡಕು ಇದೆ, ಕಷ್ಟ ಇದೆ, ಕ್ಲಿಷ್ಟ ಇದೆ, ಫಜೀತಿ ಇದೆ. ಒಂದು ಮನೆಯದು, ಎರಡು ಸಂಸ್ಕೃತದ್ದು, ಒಂದು ಪೇಟೆ ದಾರಿಯಿಂದ ಬಂದದ್ದು. ಮಗು ಹೋಂವರ್ಕ್ ನೋಡಿ ಕಷ್ಟ ಅನ್ನುತ್ತದೆ, ಪ್ರಶ್ನೆಪತ್ರಿಕೆಯ ಬಗ್ಗೆ ಬರುವ ವರದಿ ಕ್ಲಿಷ್ಟ ಅನ್ನುತ್ತದೆ. ಗ್ರೆಉಗೂ ದಿಫಿಚಿಲ್‌ಗೂ ಅಷ್ಟೇ ಅಂತರ. ಮಾರ್ಕೆಟ್‌ನಲ್ಲಿ ಗ್ರೆಉ, ವರದಿಯಲ್ಲಿ ದಿಫಿಚಿಲ್. ಒಂದು ಅನುಕೂಲ ಇದೆ. ಏಗಲು ಕಷ್ಟವಾದ ವ್ಯಕ್ತಿಯನ್ನು ಅವರೂ ದಿಫಿಚಿಲ್ ಅಂತಲೇ ಕರೆಯುತ್ತಾರೆ, ಇಂಗ್ಲಿಷ್ ಹಾಗೆಯೇ.

ತುರ್ಕರ ಕಾಲದ ಪದಗಳು ನನಗೆ ಬಹಳ ಇಷ್ಟ. ಅವುಗಳಲ್ಲಿ ಎಷ್ಟೋ ಪದಗಳಿಗೆ ಬಾಯಿಮಾತಿನ ರುಚಿ ಇದೆ. ‘ಬೆಲ್ಯಾ’ ಅಂದರೆ ತಲೆನೋವು, ಪೀಡೆ. ಟರ್ಕಿಶ್‌ನಿಂದ ಬಂತು, ಅದಕ್ಕೂ ಹಿಂದೆ ಅರಬ್ಬಿಯದು. ಹಿಂದಿಯಲ್ಲಿ ‘ಬಲಾ’ ಅನ್ನುತ್ತಾರಲ್ಲ, ಅದೇ ಪದ. ಒಂದೇ ಅರಬ್ಬಿ ಪದ ಒಂದು ಕಡೆ ಪರ್ಷಿಯನ್ ದಾರಿಯಲ್ಲಿ ಹಿಂದಿಗೆ ಬಂತು, ಇನ್ನೊಂದು ಕಡೆ ಡ್ಯಾನ್ಯೂಬ್ ದಾಟಿ ರೊಮೇನಿಯಾ ಸೇರಿತು. ‘ಬುಕ್ಲುಕ್’ ಅಂದರೆ ನಾವಾಗಿ ಹೋಗಿ ಸಿಕ್ಕಿಹಾಕಿಕೊಳ್ಳುವ ಫಜೀತಿ. ಅದರ ಟರ್ಕಿಶ್ ಮೂಲದ ಅರ್ಥ ಹೊಲಸು, ಕೊಚ್ಚೆ. ಹಾಗಾಗಿ ಬುಕ್ಲುಕ್‌ಗೆ ಬೀಳುವುದು ಅಂದರೆ ಹೆಚ್ಚು ಕಡಿಮೆ ಕೊಚ್ಚೆಗೆ ಕಾಲಿಡುವುದೇ. ‘ನೆಕಾಜ್’ ಬೇರೆ ಬಗೆಯದು. ಸ್ಲಾವ್ ಮೂಲದ್ದು, ಹಳೆಯ ಅರ್ಥ ಶಿಕ್ಷೆ. ಸಾವು, ರೋಗ, ಸಾಲ ಇಂಥದ್ದು ಬಂದಾಗ ಆಡುವ ಪದ, ನಮ್ಮ ಸಂಕಟದ ಹಾಗೆ. ಇಂಗ್ಲಿಷ್ ಪಟ್ಟಿ ಮೂರರ ಎದುರಿಗೂ ಟ್ರಬಲ್ ಅಂತ ಬರೆದು ಸುಮ್ಮನಾಗಿಬಿಡುತ್ತದೆ. ಕಳೆದುಕೊಂಡವರ ಮನೆಗೆ ಹೋಗಿ ಬೆಲ್ಯಾ ಅನ್ನಬಾರದು, ಅವರಿಗೆ ಚುಚ್ಚುತ್ತದೆ. ಸರ್ವರ್ ಕೆಟ್ಟರೆ ನೆಕಾಜ್ ಅಂದರೂ ಜಾಸ್ತಿಯಾಯಿತು.

ಸ್ಲಾವ್ ಪದರದಲ್ಲೇ ‘ನೆವೊಯೆ’ ಇದೆ. ಮೂಲ ಅರ್ಥ ಇಚ್ಛೆ ಇಲ್ಲದ್ದು, ಬಲವಂತ. ಈಗ ಅದು ‘ಬೇಕು’ ಅನ್ನುವ ಅರ್ಥಕ್ಕೆ ದಿನಾ ಬಳಕೆಯಾಗುವ ಪದ. ‘ಆಮ್ ನೆವೊಯೆ’ ಅಂದರೆ ನನಗೆ ಬೇಕಾಗಿದೆ. ‘ಅನೆವೊಯೆ’ ಅಂದರೆ ಪ್ರಯಾಸದಿಂದ. ಪಟ್ಟಿಯಲ್ಲಿ ಆರ್ಡ್ಯುಅಸ್ ಎದುರಿಗೆ ‘ಅನೆವೊಯೊಸ್’ ಕಂಡರೆ ಅದು ಇದೇ ಕುಟುಂಬ.

ಅಡ್ಡಿ ಆತಂಕದ ಪದಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ‘ಪ್ಯೆದಿಕ’. ಲ್ಯಾಟಿನ್‌ನಲ್ಲಿ ಇದರ ಮೂಲ ಕಾಲಿಗೆ ಹಾಕುವ ಕೋಳ. ಪಾದ ಅನ್ನುವ ಪದವೇ ಇದರೊಳಗಿದೆ. ಇಂಗ್ಲಿಷ್‌ನ ಇಂಪೀಡ್ ಒಳಗೂ ಅದೇ ಪಾದ ಕೂತಿದೆ. ಯಾರನ್ನಾದರೂ ಎಡವಿಸಲು ಕಾಲು ಅಡ್ಡ ಇಡುವುದಕ್ಕೆ ‘ಪ್ಯೆದಿಕ ಹಾಕುವುದು’ ಅನ್ನುತ್ತಾರೆ. ಕೆಲಸ ಕೆಡಿಸುವುದಕ್ಕೂ ಅದನ್ನೇ ಅನ್ನುತ್ತಾರೆ. ನಾವು? ‘ಅಡ್ಡಗಾಲು ಹಾಕುವುದು’! ಎರಡು ಭಾಷೆ, ಎಲ್ಲೋ ದೂರದ ಊರುಗಳು, ಕಾಲು ಮಾತ್ರ ಒಂದೇ. ಹರ್ಡಲ್, ಆಬ್ಸ್ಟಕಲ್ ಎರಡಕ್ಕೂ ‘ಒಬ್ಸ್ತಾಕೊಲ್’ ಸಾಕು. ಓಟದ ಹರ್ಡಲ್ಸ್‌ಗೆ ಮಾತ್ರ ‘ಗಾರ್ದುರ್’, ಅಂದರೆ ಬೇಲಿಗಳು.

ಇನ್ನು ನುಡಿಗಟ್ಟು. ಇಂಗ್ಲಿಷರಿಗೆ ಕಷ್ಟದ ವಿಷಯ ಒಡೆಯಲಾಗದ ಕಾಯಿ, ‘ಟಫ್ ನಟ್’. ರೊಮೇನಿಯನ್ನರದು ‘ನುಕ ತಾರೆ’, ಗಟ್ಟಿ ಅಕ್ರೋಟು. ನಮ್ಮದು ಕಬ್ಬಿಣದ ಕಡಲೆ. ಹಲ್ಲು ಮುರಿಯುವ ಭಯ ಎಲ್ಲರಿಗೂ ಒಂದೇ, ತಿನ್ನುವ ಕಾಳು ಬೇರೆ. ಸುಲಭಕ್ಕೆ ಇಂಗ್ಲಿಷರು ಕೇಕ್ ತುಂಡು ಅನ್ನುತ್ತಾರೆ, ನಾವು ನೀರು ಕುಡಿದಷ್ಟು ಸುಲಭ ಅನ್ನುತ್ತೇವೆ. ಅವರು ‘ಫ್ಲ್ವಾರೆ ಲಾ ಉರೇಕೆ’ ಅನ್ನುತ್ತಾರೆ, ಕಿವಿಗೆ ಮುಡಿದ ಹೂವು. ಅಷ್ಟು ಹಗುರ. ಇಲ್ಲೂ ಹಗುರವೇ ಸುಲಭ, ಗಮನಿಸಿ. ನಮ್ಮಲ್ಲಿ ಕಿವಿ ಮೇಲೆ ಹೂ ಇಡುವುದು ಮೋಸ ಮಾಡುವುದಕ್ಕೆ ಹೇಳುವ ಮಾತು, ಅದರ ಜೊತೆ ಇದನ್ನು ಬೆರೆಸಬೇಡಿ.

ಏರುದಾರಿಯ ಮಾತು ಬಾಕಿ ಇದೆ. ಇಂಗ್ಲಿಷರು ಕಷ್ಟದ ಕೆಲಸವನ್ನು ‘ಅಪ್‌ಹಿಲ್ ಟಾಸ್ಕ್’ ಅನ್ನುತ್ತಾರೆ. ರೊಮೇನಿಯನ್ನರ ಗಾದೆ ‘ಗ್ರೆಉ ಲಾ ದ್ಯಾಲ್ ಕು ಬೋಯಿ ಮಿಚ್’. ಸಣ್ಣ ಎತ್ತು ಕಟ್ಟಿಕೊಂಡು ದಿಬ್ಬ ಹತ್ತೋದು ಕಷ್ಟ. ಗಾಡಿ, ಎತ್ತು, ದಿಬ್ಬ. ನಮ್ಮ ಯಾವ ಹಳ್ಳಿಯವರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜನ ಕಮ್ಮಿ, ಕೆಲಸ ಜಾಸ್ತಿ ಆದಾಗ ಇದನ್ನು ಹೇಳುತ್ತಾರೆ. ನಿಮ್ಮ ತಂಡದಲ್ಲಿ ಮೂರು ಜನಕ್ಕೆ ಆರು ಜನದ ಕೆಲಸ ಬಂದ ದಿನ ಈ ಗಾದೆ ಹೇಳಿ ನೋಡಿ. ಕ್ಲುಜ್‌ನವರು ನಿಮ್ಮನ್ನು ಆ ಹೊತ್ತಿನಿಂದ ತಮ್ಮವರು 
ಅಂದುಕೊಳ್ಳುತ್ತಾರೆ.

ಈಗ ಹೇಗೆ ಕಲಿಯಬೇಕು ಅಂತ ಕೇಳಿದ್ದಿರಿ. ಒಂದು ನೋಟ್‌ಬುಕ್ ತಗೊಳ್ಳಿ. ಎಡಗಡೆ ಕನ್ನಡ ಬರೆಯಿರಿ, ಬಲಗಡೆ ರೊಮೇನಿಯನ್. ಇಂಗ್ಲಿಷ್ ಬೇಡ. ಕನ್ನಡದಲ್ಲಿ ಬರೀ ‘ಕಷ್ಟ’ ಅಂತ ಬರೆಯಬೇಡಿ. ಭಾರ, ಗಟ್ಟಿ, ಅಡ್ಡಗಾಲು, ಫಜೀತಿ, ಸಂಕಟ, ಪೀಡೆ, ತೊಡಕು ಅಂತ ನೀವು ಮನೆಯಲ್ಲಿ ಆಡುವ ಪದಗಳನ್ನೇ ಬರೆಯಿರಿ. ಒಂದೊಂದಕ್ಕೂ ನಿಮ್ಮ ದಿನದಲ್ಲಿ ನಡೆದ ಒಂದು ವಾಕ್ಯ ಸೇರಿಸಿ. ‘ನನಗೆ’ ಅಂತ ಶುರುವಾಗುವ ವಾಕ್ಯ ಬಂದ ಕೂಡಲೇ ಬಲಗಡೆ ‘ಮ್ಯೆ’ ಹಾಕಿ ನೋಡಿ. ಹಸಿವು, ಚಳಿ, ಭಯದಂಥ ಮೈಮನಸ್ಸಿನ ಮಾತಾದರೆ ಬಹುತೇಕ ಕೂಡಿಬರುತ್ತದೆ. ದಿನಕ್ಕೆ ಮೂರು ವಾಕ್ಯ ಸಾಕು. ಆರು ತಿಂಗಳಲ್ಲಿ ಐನೂರು ದಾಟುತ್ತದೆ.

ಕ್ಲುಜ್‌ಗೆ ಇಳಿದ ಮೊದಲ ವಾರಕ್ಕೆ ಕೆಲವು ಮಾತು ಹೇಳುತ್ತೇನೆ. ಕ್ಲುಜ್ ಇರುವ ಟ್ರಾನ್ಸಿಲ್ವೇನಿಯಾ ಪ್ರಾಂತ್ಯದವರು ಮಾತು ಶುರು ಮಾಡುವಾಗ ‘ನೊ’ ಅನ್ನುತ್ತಾರೆ. ಅದು ಬೇಡ ಅನ್ನುವ ಅರ್ಥದ್ದಲ್ಲ, ನಮ್ಮ ‘ಹೂಂ, ಮತ್ತೆ’ ಇದ್ದ ಹಾಗೆ. ಬೇಡ ಅನ್ನಲು ‘ನು’. ಯಾರಿಗಾದರೂ ತೊಂದರೆ ಕೊಟ್ಟೆ ಅನಿಸಿದರೆ ಮೇಲಿನ ಯಾವ ಪದವೂ ಬೇಡ, ‘ಸ್ಕೂಜೆ ದೆ ದೆರಾಂಜ್’ ಅನ್ನಿ. ಕೆಲಸ ಬಿಡಿಸಿದೆ, ಕ್ಷಮಿಸಿ ಅಂತ. ಅಲ್ಲಿನವರು ನಿಧಾನವಾಗಿ ಮಾತಾಡುತ್ತಾರೆ ಅಂತಲೇ ಹೆಸರು, ಆದರೂ ಹೊಸಬರಿಗೆ ಅದೂ ವೇಗ ಅನ್ನಿಸಬಹುದು. ಅರ್ಥವಾಗದಿದ್ದರೆ ಇಂಗ್ಲಿಷ್‌ಗೆ ಹಾರಬೇಡಿ. ‘ಮಾಯ್ ರಾರ್, ವ ರೋಗ್’ ಅನ್ನಿ, ಸ್ವಲ್ಪ ನಿಧಾನವಾಗಿ, ದಯವಿಟ್ಟು. ಆಮೇಲೆ ಆ ಅಜ್ಜಿ ಕಲಿಸಿದ್ದನ್ನು ಸೇರಿಸಿ. ಮ್ಯೆ ಗ್ರೆಉ. ಆಗ ಅವರು ನಿಲ್ಲಿಸಿ, ಇನ್ನೊಂದು ಸಲ ಹೇಳುತ್ತಾರೆ.